ಮೇಜಿನ ಮೇಲೆ ಹರಿಯದ ಹೊಳೆ

ಹಾಸನ ಸೀಮೆಯ ಅನುಕೂಲಸ್ಥರ ಊಟದ ಮನೆಗಳಿಗೆ ಈಚೆಗೆ ಹೊಸದೊಂದು ಹೊಳೆ ಬರತೊಡಗಿದೆ. ಎರಡು ದಪ್ಪ ಮರದ ಹಲಗೆಗಳ ನಡುವೆ ನೀಲಿ ಬಣ್ಣದ ರಾಳವನ್ನು ಸುರಿದು, ಗಟ್ಟಿಯಾದ ಮೇಲೆ ಕನ್ನಡಿಯಂತೆ ಉಜ್ಜಿ, ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿದ ಊಟದ ಮೇಜು ಅದು. ಒಳಾಂಗಣ ವಿನ್ಯಾಸಕಾರರು ಇದನ್ನು ‘ರಿವರ್ ಟೇಬಲ್’ ಎಂದು ಕರೆಯುತ್ತಾರೆ. ರಾಳವಿಲ್ಲದ ಇನ್ನೊಂದು ಬಗೆಯೂ ಉಂಟು. ಅದರಲ್ಲಿ ಹಳೆಯ ಮರದ ಕಾಂಡವನ್ನು ಉದ್ದಕ್ಕೆ ಸೀಳಿ ತೆಗೆದ ಒಂದೇ ಅಖಂಡ ಹಲಗೆ, ತೊಗಟೆಯ ಕಡೆಯ ಅಂಕುಡೊಂಕು ಅಂಚನ್ನು ಉಳಿಸಿಕೊಂಡು, ಬಾಗಿಸಿದ ಉಕ್ಕಿನ ಪಟ್ಟಿಗಳ ಮೇಲೆ ಕೂರುತ್ತದೆ. ಎರಡಕ್ಕೂ ಮಾರಾಟಗಾರರು ಕೊಡುವ ಬಿರುದು ಒಂದೇ: ಇದು ಬರಿಯ ಮೇಜಲ್ಲ, ಶಿಲ್ಪ, ಮನೆಯೊಳಗೆ ಬಂದ ಪ್ರಕೃತಿ.

ಈ ಬಿರುದನ್ನು ಪ್ರಶ್ನಿಸದೆ ಬಿಡುವುದು ಮಲೆನಾಡಿನ ಜನರಿಗೆ ತರವಲ್ಲ. ಏಕೆಂದರೆ ಆ ಹಲಗೆಯಾಗಬಲ್ಲ ಮರಗಳು ನಿಂತಿರುವುದು ಅವರ ಹಿತ್ತಿಲು, ಹೊಲದ ಬದು ಮತ್ತು ಕಾಫಿ ತೋಟಗಳಲ್ಲಿ. ಆ ಕಾಲುಗಳಾಗುವ ಕಬ್ಬಿಣಕ್ಕಾಗಿ ಬಗೆಯಲ್ಪಟ್ಟಿರುವುದೂ ಗುಡ್ಡಗಳೇ. ಮೇಜಿನ ಮೇಲೆ ನೀಲಿ ಹೊಳೆಯನ್ನು ಸ್ಥಾಪಿಸುವ ಹುಮ್ಮಸ್ಸಿನಲ್ಲಿ ನಿಜವಾದ ಹೊಳೆಯ ತಲೆಗಾವಲಿನ ಮರಕ್ಕೆ ಗರಗಸ ಬೀಳಬಾರದು.

ನಾಲ್ಕು ತಾಲ್ಲೂಕು, ಒಂದೇ ನೀರು

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಸಕಲೇಶಪುರವನ್ನು ದಾಟಿ, ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ನಿಂತು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಅದು ಕೃಷ್ಣರಾಜಸಾಗರವನ್ನು ಸೇರುತ್ತದೆ. ಹಾಸನ ನಗರ ಕುಡಿಯುವುದು ಈ ನೀರನ್ನು. ಎಡದಂಡೆ ನಾಲೆ ಚನ್ನರಾಯಪಟ್ಟಣದತ್ತ ಹೋಗುತ್ತದೆ; ಬಲದಂಡೆಯ ನಾಲೆಗಳು ಅರಕಲಗೂಡು ಮತ್ತು ಹೊಳೆನರಸೀಪುರದ ಹೊಲಗಳಿಗೆ ಇಳಿಯುತ್ತವೆ. ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಎಂದು ಭೂಗೋಳದ ಪಾಠದಲ್ಲಿ ಬೇರೆಬೇರೆಯಾಗಿ ಕಾಣುವ ನೆಲಗಳನ್ನು ಈ ಒಂದು ಹೊಳೆ ಒಟ್ಟಿಗೆ ಕಟ್ಟಿದೆ.

ಹೊಳೆಯ ಮೇಲ್ಭಾಗದಲ್ಲಿ ಒಂದು ದೊಡ್ಡ ಮರ ಮಾಡುವ ಕೆಲಸ ಮಳೆಯನ್ನು ಕರೆತರುವ ಪವಾಡವೇನಲ್ಲ. ಅದರ ಕೆಲಸ ಇನ್ನೂ ಸರಳ, ಇನ್ನೂ ಖಚಿತ. ರಭಸದ ಮಳೆಹನಿಯನ್ನು ಎಲೆ ಮತ್ತು ದರಗು ತಡೆಯುತ್ತವೆ. ಬೇರಿನ ಜಾಡಿನಲ್ಲಿ ನೀರು ಮಣ್ಣಿಗೆ ಇಂಗುತ್ತದೆ. ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗದೆ ನಿಲ್ಲುತ್ತದೆ. ಹಾಗೆ ನಿಲ್ಲದ ಮಣ್ಣು ಹೋಗಿ ಸೇರುವುದು ಗೊರೂರಿನ ಜಲಾಶಯದ ತಳವನ್ನು. ಚನ್ನರಾಯಪಟ್ಟಣದ ನಾಲೆಯ ಕೊನೆಯಲ್ಲಿ ನೀರಿಗಾಗಿ ಕಾಯುವ ರೈತನಿಗೂ ಮೂಡಿಗೆರೆಯ ಇಳಿಜಾರಿನ ಹಲಸಿನ ಮರಕ್ಕೂ ಇರುವ ನಂಟು ಇದು.

ದೊಡ್ಡ ಮರಕ್ಕೆ ಬೇರೆ ಬಳಗವೂ ಇದೆ. ಹೆಜ್ಜೇನು ತಟ್ಟಿ ಕಟ್ಟಲು ಎತ್ತರದ, ಗಟ್ಟಿ ಕೊಂಬೆಯ ಮರವನ್ನು ಹುಡುಕುತ್ತದೆ. ರೋಬಸ್ಟಾ ಕಾಫಿ ಪರಕೀಯ ಪರಾಗಸ್ಪರ್ಶದ ಬೆಳೆ. ಹೂವಿನ ದಿನಗಳಲ್ಲಿ ಜೇನು ಸುಳಿದಾಡುವ ತೋಟದಲ್ಲಿ ಕಾಯಿ ಕಟ್ಟುವುದು ಹೆಚ್ಚು. ಮುದಿಮರದ ಪೊಟರೆಯಲ್ಲಿ ಗೂಡು ಮಾಡುವ ಗೂಬೆ ಗದ್ದೆಯ ಇಲಿಯನ್ನು ಹಿಡಿಯುತ್ತದೆ. ಹತ್ತು ವರ್ಷದ ಸಸಿಗೆ ಪೊಟರೆಯಿಲ್ಲ, ಹೆಜ್ಜೇನಿಗೆ ತಕ್ಕ ಕೊಂಬೆಯೂ ಇಲ್ಲ. ‘ಒಂದು ಕಡಿದರೆ ಹತ್ತು ನೆಡುತ್ತೇವೆ’ ಎಂಬ ಸಮಾಧಾನದ ಲೆಕ್ಕ ತಪ್ಪುವುದು ಇಲ್ಲಿಯೇ. ಸಸಿಗಳ ಸಂಖ್ಯೆಯನ್ನು ಹೆಚ್ಚಿಸಬಹುದು, ಮರದ ವಯಸ್ಸನ್ನು ನೆಡಲಾಗದು.

ಹಲಗೆಯ ಲೆಕ್ಕ

ಮೇಜಿನ ವಿಷಯವನ್ನು ಭಾವನೆಗೆ ಬಿಡದೆ ಅಳತೆಗೆ ತರೋಣ. ಎಂಟು ಅಡಿ ಉದ್ದ, ಮೂರೂವರೆ ಅಡಿ ಅಗಲ, ಮೂರು ಅಂಗುಲ ದಪ್ಪದ ಒಂದೇ ಹಲಗೆ ಬೇಕೆಂದರೆ ಅದರಲ್ಲಿರುವ ಮರ 7 ಘನ ಅಡಿ. ಚೆನ್ನಾಗಿ ಒಣಗಿದ ಹಲಸಾದರೂ ಅದು ಸುಮಾರು 120 ಕಿಲೋ ತೂಗುತ್ತದೆ. ಅಷ್ಟು ಅಗಲದ ಹಲಗೆ ಸಿಗಬೇಕಾದರೆ ಕಾಂಡದ ಅಡ್ಡಳತೆ ಕನಿಷ್ಠ ಮೂರೂವರೆ ಅಡಿ ಇರಬೇಕು. ಅಂದರೆ ಸುತ್ತಳತೆ 11 ಅಡಿ. ಇಬ್ಬರು ಕೈಚಾಚಿ ತಬ್ಬಿದರೆ ಮಾತ್ರ ನಿಲುಕುವ ಮರ ಅದು. ತಾತ ನೆಟ್ಟದ್ದನ್ನು ಮೊಮ್ಮಗ ಕಾಣುವ ಕಾಲದಲ್ಲಿ ಅಂಥ ಮರ ತಯಾರಾಗುತ್ತದೆ.

ಅದೇ ಉದ್ದಗಲದ ಮೇಜನ್ನು ಆರಂಗುಲ ಅಗಲ, ಒಂದಂಗುಲ ದಪ್ಪದ ಏಳು ಹಲಗೆಗಳನ್ನು ಜೋಡಿಸಿ ಮಾಡಿದರೆ ಬೇಕಾಗುವ ಮರ 2.3 ಘನ ಅಡಿಯಷ್ಟೆ. ಮೂರರಲ್ಲಿ ಒಂದು ಪಾಲು. ತೂಕ ಸುಮಾರು 40 ಕಿಲೋ. ಇದಕ್ಕೆ 11 ಅಡಿ ಸುತ್ತಳತೆಯ ಮರ ಬೇಡ. ಒಂದು ತಲೆಮಾರಿನೊಳಗೆ ಬೆಳೆದ ಸಾಧಾರಣ ಮರ ಸಾಕು. ಊಟ ಎರಡರ ಮೇಲೂ ಒಂದೇ. ಮುದ್ದೆಯ ತಟ್ಟೆಗೆ ಮೂರಂಗುಲದ ಆಧಾರ ಬೇಕಿಲ್ಲ.

ದಪ್ಪ ಹಲಗೆಯ ತೊಂದರೆ ಅಲ್ಲಿಗೆ ಮುಗಿಯದು. ನೆರಳಿನಲ್ಲಿ ಗಾಳಿಗೆ ಒಣಗಿಸುವಾಗ ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಮೂರಂಗುಲಕ್ಕೆ ಮೂರು ವರ್ಷ ಕಾಯಬೇಕು. ಗಿರಾಕಿಯ ಗೃಹಪ್ರವೇಶ ಅಷ್ಟು ದಿನ ಕಾಯುವುದಿಲ್ಲ. ಅರೆಹಸಿ ಹಲಗೆ ಮನೆಗೆ ಬಂದು, ಜಡಿಮಳೆಯಲ್ಲಿ ಉಬ್ಬಿ, ಮಾರ್ಚ್ ತಿಂಗಳ ಒಣಗಾಳಿಗೆ ಕುಗ್ಗುತ್ತದೆ. ಮೂರೂವರೆ ಅಡಿ ಅಗಲದಲ್ಲಿ ಈ ಏರಿಳಿತ ಅರ್ಧ ಅಂಗುಲದಷ್ಟಾದರೂ ಆಶ್ಚರ್ಯವಿಲ್ಲ. ಕೆಳಗೆ ಉಕ್ಕಿನ ಚೌಕಟ್ಟಿಗೆ ಅದನ್ನು ಅಲುಗಾಡದಂತೆ ಬಿಗಿದಿದ್ದರೆ ಮರ ಸೀಳದೆ ಬೇರೆ ದಾರಿಯಿಲ್ಲ. ನೂರು ವರ್ಷ ನಿಂತ ಮರ ಎರಡು ಬೇಸಿಗೆಯಲ್ಲಿ ಬಿರುಕುಬಿಟ್ಟ ಮೇಜಾಗುತ್ತದೆ.

ಉಕ್ಕು ಮತ್ತು ರಾಳ

ಭಾರವಾದ ಹಲಗೆಗೆ ಭಾರವಾದ ಕಾಲು ಬೇಕು. ಅರವತ್ತು, ಎಪ್ಪತ್ತು ಕಿಲೋ ಉಕ್ಕು ಇಂಥ ಮೇಜಿನ ಕೆಳಗೆ ಸಹಜವಾಗಿ ಸೇರಿಬಿಡುತ್ತದೆ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಿಸಲು ಸುಮಾರು 1.6 ಟನ್ ಅದಿರು ಬೇಕು. ಹೊರಬೀಳುವ ಇಂಗಾಲದ ಡೈಆಕ್ಸೈಡ್ ಎರಡು ಟನ್ನಿಗೂ ಮೇಲೆ. ಆ ಲೆಕ್ಕದಲ್ಲಿ 70 ಕಿಲೋ ಉಕ್ಕಿನ ಹಿಂದೆ ನೂರು ಕಿಲೋಗೂ ಮಿಕ್ಕಿದ ಅದಿರು, ನೂರೈವತ್ತು ಕಿಲೋದಷ್ಟು ಹೊಗೆ ಇದೆ.

ಮಲೆನಾಡಿಗೆ ಈ ಲೆಕ್ಕ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದು ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಅಂದರೆ ಈ ನಾಡಿನಲ್ಲಿ ಉಕ್ಕಿನ ಕಥೆ ಮರದ ಕಥೆಯೂ ಹೌದು. ಕುದುರೆಮುಖದ ಗಣಿಗಾರಿಕೆಯನ್ನು ನಿಲ್ಲಿಸಲು ಹೋರಾಟಗಾರರು ವರ್ಷಗಟ್ಟಲೆ ದುಡಿದರು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಯಲ್ಲಿ ಅದು ನಿಂತಿತು. ಭದ್ರೆಯ ತಲೆಯಲ್ಲಿ ಗುಡ್ಡವನ್ನು ಬಗೆದುದರ ಗುರುತು ಇಂದಿಗೂ ಮಾಸಿಲ್ಲ. ಇಷ್ಟನ್ನು ಕಂಡ ನಾಡಿನಲ್ಲಿ ಉಕ್ಕನ್ನು ಬೇಡವೆನ್ನಬೇಕಿಲ್ಲ. ಆದರೆ ಅಲಂಕಾರಕ್ಕಾಗಿ ಅದನ್ನು ದುಂದುಮಾಡುವುದು ಮಾತ್ರ ಅವಿವೇಕ.

ಇನ್ನು ನೀಲಿ ರಾಳ. ಎಂಟು ಅಡಿ ಉದ್ದ, ಎಂಟು ಅಂಗುಲ ಅಗಲ, ಮೂರು ಅಂಗುಲ ಆಳದ ‘ಹೊಳೆ’ಗೆ ಸುಮಾರು 38 ಲೀಟರ್ ಎಪಾಕ್ಸಿ ಸುರಿಯಬೇಕು. ಇದರ ಮೂಲ ಬಹುಪಾಲು ಪೆಟ್ರೋಲಿಯಂ ಎಣ್ಣೆ. ಒಮ್ಮೆ ಗಟ್ಟಿಯಾದರೆ ಇದನ್ನು ಮತ್ತೆ ಕರಗಿಸಿ ಬೇರೆ ವಸ್ತು ಮಾಡಲಾಗದು. ಮರಕ್ಕೆ ಅಂಟಿಕೊಂಡ ಮೇಲೆ ಮರವನ್ನೂ ಮರುಬಳಕೆಗೆ ಬಾರದಂತೆ ಕೆಡಿಸುತ್ತದೆ. ಗಟ್ಟಿಯಾಗದ ರಾಳ ಕೈಗೆ ತಾಗಿದರೆ ಚರ್ಮದ ಅಲರ್ಜಿ ಹತ್ತುತ್ತದೆ. ಉಜ್ಜುವಾಗ ಏಳುವ ಧೂಳು ಎದೆಗೆ ಒಳ್ಳೆಯದಲ್ಲ. ಆ ಕೈ, ಆ ಎದೆ ಮೇಜನ್ನು ಕೊಂಡವರದಲ್ಲ, ಕಾರ್ಖಾನೆಯ ಹುಡುಗರದು. ನೀಲಿ ಪ್ಲಾಸ್ಟಿಕ್ಕಿನಲ್ಲಿ ಹೊಳೆಯ ಚಿತ್ರ ಬಿಡಿಸುವವರು ಹೇಮಾವತಿಯಲ್ಲಿ ಪ್ಲಾಸ್ಟಿಕ್ ತೇಲುವುದನ್ನು ಕಂಡು ಮರುಗಿದರೆ ಅದಕ್ಕೆ ಬೆಲೆಯಿಲ್ಲ.

ಎದುರಾಗುವ ವಾದಗಳು

ಮೊದಲ ವಾದ: ‘ಹೇಗೂ ಬಿದ್ದ ಮರವನ್ನೇ ಬಳಸುತ್ತೇವೆ.’ ನಿಜವಾಗಿ ಬಿದ್ದ ಮರವಾದರೆ ಆಕ್ಷೇಪವಿಲ್ಲ. ಅಮೆರಿಕದಲ್ಲಿ ಹುಟ್ಟಿದ ಜಪಾನೀ ಮೂಲದ ಜಾರ್ಜ್ ನಕಾಶಿಮಾ 1930ರ ದಶಕದಲ್ಲಿ ಪುದುಚೇರಿಯ ಆಶ್ರಮದ ಕಟ್ಟಡಕ್ಕಾಗಿ ದುಡಿದವರು. ಮುಂದೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. ಅಂಚು ಕತ್ತರಿಸದ ಹಲಗೆಯ ಮೇಜಿಗೆ ಜಗತ್ತಿನಲ್ಲಿ ಹೆಸರು ತಂದವರಲ್ಲಿ ಅವರು ಪ್ರಮುಖರು. ವ್ಯಾಪಾರಿಗಳು ಬೇಡವೆಂದ ಗಂಟುಗಂಟಾದ, ಬಿರುಕುಬಿಟ್ಟ ದಿಮ್ಮಿಯನ್ನು ಅವರು ಆಯ್ದುಕೊಂಡು, ಬಿರುಕಿಗೆ ಚಿಟ್ಟೆಯಾಕಾರದ ಮರದ ಕೀಲು ಹಾಕಿ ಹಿಡಿಸುತ್ತಿದ್ದರು. ಮಿತವ್ಯಯದಿಂದ ಹುಟ್ಟಿದ ಆ ರೂಪವನ್ನು ಸಂತೆ ಎತ್ತಿಕೊಂಡು ಆಡಂಬರವಾಗಿಸಿದೆ. ಇಂದು ಅಂಗಡಿಯಲ್ಲಿ ‘ಬಿದ್ದ ಮರ’ ಎನ್ನುವ ಮಾತಿಗೆ ಯಾವ ಊರು, ಯಾವ ಸರ್ವೆ ನಂಬರು, ಯಾವ ಪರವಾನಗಿ ಎಂಬ ಉತ್ತರ ಜೊತೆಗಿರಬೇಕು. ಉತ್ತರವಿಲ್ಲದಿದ್ದರೆ ಆ ಮರ ಬಿದ್ದದ್ದಲ್ಲ, ಬೀಳಿಸಿದ್ದು ಎಂದೇ ತಿಳಿಯಬೇಕು.

ಎರಡನೆಯ ವಾದ: ‘ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್‌ಗಳು ಸುಡುವ ಸೌದೆಯ ಮುಂದೆ ಒಂದೆರಡು ಮೇಜು ಯಾವ ಲೆಕ್ಕ?’ ಈ ವಾದದಲ್ಲಿ ಸತ್ಯಾಂಶವಿದೆ. ಒಂದು ಕಿಲೋ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದಗೊಳಿಸಲು ಹೆಚ್ಚುಕಡಿಮೆ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ರಾಮನಾಥಪುರದ ಹರಾಜು ಕಟ್ಟೆಗೆ ಬರುವ ಪ್ರತಿಯೊಂದು ಬೇಲಿನ ಹಿಂದೆಯೂ ಆ ಬೂದಿ ಇದೆ. ಅದರ ವಿರುದ್ಧದ ಮಾತು ನಿಲ್ಲಬೇಕಾಗಿಲ್ಲ. ಆದರೆ ಬ್ಯಾರನ್ನಿಗೆ ಯಾವ ಕಟ್ಟಿಗೆಯಾದರೂ ಆದೀತು; ಮೇಜಿಗೆ ಊರಿನ ಅತ್ಯಂತ ಹಿರಿಯ ಮರವೇ ಬೇಕು. ಬ್ಯಾರನ್ ತಿನ್ನುವುದು ಮರಗಳ ತೂಕವನ್ನು, ಮೇಜು ತಿನ್ನುವುದು ಮರಗಳ ವಯಸ್ಸನ್ನು. ತೂಕ ನೀಲಗಿರಿಯ ತೋಪಿನಲ್ಲಿಯೂ ಮತ್ತೆ ಕೂಡೀತು. ವಯಸ್ಸು ಕೂಡುವುದಿಲ್ಲ.

ಮೂರನೆಯ ವಾದ ಅತ್ಯಂತ ಗಂಭೀರವಾದುದು, ಏಕೆಂದರೆ ಅದು ರೈತನದು: ‘ಮರ ನನ್ನ ಜಮೀನಿನದು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಅದನ್ನು ಮಾರುವ ಹಕ್ಕು ನನಗಿಲ್ಲವೇ? ಪೇಟೆಯವರ ಪರಿಸರ ಪ್ರೇಮದ ಕಂದಾಯವನ್ನು ನಾನೇಕೆ ಕಟ್ಟಬೇಕು?’ ಈ ಪ್ರಶ್ನೆಯನ್ನು ತಳ್ಳಿಹಾಕುವ ಚಳವಳಿಗೆ ಹಳ್ಳಿಯಲ್ಲಿ ನೆಲೆಯಿಲ್ಲ. ಆದರೆ ರೈತನೇ ಎರಡು ಸಂಗತಿಗಳನ್ನು ತೂಗಿನೋಡಬೇಕು. ಕಷ್ಟಕಾಲದಲ್ಲಿ ಮಾರಿದ ಮರಕ್ಕೆ ದಿಮ್ಮಿಯ ಬೆಲೆ ಸಿಗುತ್ತದೆಯೇ ಹೊರತು ‘ಶಿಲ್ಪ’ದ ಬೆಲೆ ಎಂದೂ ಸಿಗುವುದಿಲ್ಲ, ನಡುವಿನ ಲಾಭ ಬೇರೆಯವರದು. ಜೊತೆಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ತೆಂಗು, ಸಿಲ್ವರ್ ಓಕ್, ನೀಲಗಿರಿ ಮುಂತಾದ ಕೆಲವು ಜಾತಿಗಳನ್ನು ಬಿಟ್ಟರೆ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿಯಿಲ್ಲದೆ ಮಾರಿದಾಗ ಸಿಕ್ಕಿಬೀಳುವವನು ದಲ್ಲಾಳಿಯಲ್ಲ, ಪಹಣಿಯಲ್ಲಿ ಹೆಸರಿರುವ ರೈತ.

ಬೀಟೆಯ ವಿಷಯದಲ್ಲಂತೂ ಎಚ್ಚರ ಇನ್ನೂ ಹೆಚ್ಚಿರಬೇಕು. ಅಳಿವಿನಂಚಿನತ್ತ ಸಾಗುತ್ತಿರುವ ಈ ಮರವೂ ಅದರ ಕುಲದ ಉಳಿದ ಮರಗಳೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಬೀಟೆಯ ಅಖಂಡ ಹಲಗೆ ಕಂಡಲ್ಲಿ ಸೌಂದರ್ಯವನ್ನು ಹೊಗಳುವ ಮೊದಲು ದಾಖಲೆಯನ್ನು ಕೇಳುವುದು ಸರಿ.

ಶಿಲ್ಪವೆಂದರೆ ಏನು?

‘ಶಿಲ್ಪ’ ಎಂಬ ಮಾತನ್ನು ಹಾಸನದ ಜನರಿಗೆ ಹೊರಗಿನವರು ಬಂದು ಕಲಿಸಬೇಕಿಲ್ಲ. ಬೇಲೂರಿನ ಗುಡಿ 1117ರಲ್ಲಿ ಪ್ರತಿಷ್ಠೆಯಾಯಿತು. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ರತ್ನಶಿಲೆಯನ್ನಲ್ಲ, ಬಳಪದ ಕಲ್ಲನ್ನು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲಿನ ಗುಣವನ್ನು ಅರಿತು, ಉಳಿ ಹಿಡಿದ ಕೈ ಎಷ್ಟು ದೂರ ಹೋಗಬಲ್ಲದೋ ಅಷ್ಟು ದೂರ ಹೋದರು. ಅಲ್ಲಿ ಬೆಲೆಯಿರುವುದು ಕಲ್ಲಿನ ತೂಕಕ್ಕಲ್ಲ, ಕೆಲಸಕ್ಕೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟ ನಿಂತಿರುವುದೂ ಆ ಬೆಟ್ಟದ್ದೇ ಬಂಡೆಯಲ್ಲಿ.

ಅಖಂಡ ಹಲಗೆಯ ಮೇಜಿನಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ಮೆರೆಯುವುದು ಬಡಗಿಯ ಕೈಚಳಕವಲ್ಲ, ಮರದ ವಯಸ್ಸು. ಅಗಲವಾದ ಹಲಗೆಯನ್ನು ಉಜ್ಜಿ ಹೊಳಪು ಕೊಟ್ಟರೆ ಕೆಲಸ ಬಹುಪಾಲು ಮುಗಿಯಿತು. ಕಿರಿದಾದ ಹಲಗೆಗಳನ್ನು ಸಂದು ಕಾಣದಂತೆ ಕೂಡಿಸುವ, ಎಳೆಯ ದಿಕ್ಕನ್ನು ನೋಡಿ ಒಂದರ ಪಕ್ಕ ಒಂದನ್ನು ಇಡುವ ವಿದ್ಯೆ ಅಲ್ಲಿ ಕೆಲಸಕ್ಕೆ ಬಾರದು. ಬಡಗಿಗೆ ಕೆಲಸ ಕೊಡುತ್ತೇವೆ ಎನ್ನುವ ವಿನ್ಯಾಸ ಬಡಗಿಯ ವಿದ್ಯೆಯನ್ನೇ ನಿರುದ್ಯೋಗಿಯಾಗಿಸುತ್ತದೆ.

ಇಲ್ಲಿಯ ಮೇಜು ಹೇಗಿರಬೇಕು?

ಬೇಡವೆನ್ನುವುದು ಸುಲಭ, ಬೇಕಾದುದನ್ನು ಹೇಳದ ಟೀಕೆ ಅರ್ಧ ಟೀಕೆ. ನೆಲದ ಮೇಲೆ ಹಲಸಿನ ಮಣೆಯಿಟ್ಟು ಉಣ್ಣುತ್ತಿದ್ದ ಮನೆಗಳಲ್ಲಿ ಇಂದು ಮಂಡಿನೋವಿನ ಹಿರಿಯರಿದ್ದಾರೆ. ಅವರಿಗೆ ಮೇಜು ಬೇಕು. ಅದು ಸುಂದರವಾಗಿರಬೇಕೆಂಬ ಆಸೆಯೂ ತಪ್ಪಲ್ಲ.

ಚನ್ನರಾಯಪಟ್ಟಣದ ತೋಟಗಳನ್ನು ನೋಡಿ. 2010ರ ದಶಕದ ಸತತ ಬರಗಾಲದಲ್ಲಿ ಅಲ್ಲಿಯೂ ನೆರೆಯ ಅರಸೀಕೆರೆಯಲ್ಲಿಯೂ ತೆಂಗಿನ ಮರಗಳು ಸುಳಿ ಒಣಗಿ ಸತ್ತವು. ಅಣಬೆ ರೋಗದಿಂದಲೂ ಮುಪ್ಪಿನಿಂದಲೂ ಮರಗಳು ಹೋಗುತ್ತಲೇ ಇವೆ. ಸತ್ತ ಬೊಡ್ಡೆಯನ್ನು ತೋಟದಲ್ಲಿ ಕೊಳೆಯಲು ಬಿಟ್ಟರೆ ಕುರುವಾಯಿ ದುಂಬಿ ಅದರಲ್ಲಿ ಮರಿಮಾಡಿ ಉಳಿದ ಮರಗಳ ಸುಳಿಗೆ ಏರುತ್ತದೆ. ಅದೇ ಬೊಡ್ಡೆ ಹಳೆಯ ಮರದ್ದಾಗಿದ್ದು, ಸತ್ತೊಡನೆ ಸೀಳಿದರೆ, ಹೊರಸುತ್ತಿನ ಗಟ್ಟಿ ಭಾಗದಿಂದ ನಾಲ್ಕೈದು ಅಂಗುಲ ಅಗಲದ ಚೆಂದದ ಹಲಗೆ ಬರುತ್ತದೆ. ನಡುವಿನ ಮೆದು ತಿರುಳನ್ನು ಬಿಡಬೇಕು. ಗರಗಸಕ್ಕೆ ಗಟ್ಟಿ ಲೋಹದ ಹಲ್ಲು ಬೇಕು. ರೋಗ ಬಂದ ಬುಡವನ್ನೂ ಬೇರನ್ನೂ ಅಗೆದು ಸುಡಬೇಕು. ಫಿಲಿಪೈನ್ಸ್‌ನಲ್ಲಿ ತೆಂಗಿನ ಮರದಿಂದ ಮನೆಯನ್ನೂ ಪೀಠೋಪಕರಣವನ್ನೂ ಮಾಡುತ್ತಾರೆ. ತೋಟದ ಆರೋಗ್ಯ ಮತ್ತು ಮೇಜಿನ ಅಂದ ಇಲ್ಲಿ ಒಂದೇ ಕೆಲಸದಲ್ಲಿ ಕೂಡಿಬರುತ್ತವೆ.

ಕಾಫಿ ತೋಟಗಳ ಸಿಲ್ವರ್ ಓಕ್ ಇನ್ನೊಂದು ದಾರಿ. ಆಸ್ಟ್ರೇಲಿಯಾದ ಈ ಮರ ನಾಡಿನ ನೆರಳುಮರಗಳ ಜಾಗವನ್ನು ಆಕ್ರಮಿಸಿರುವುದು ಒಳ್ಳೆಯದಲ್ಲ. ಮೇಜಿನ ನೆಪದಲ್ಲಿ ಅದನ್ನು ಹೊಸದಾಗಿ ನೆಡಬಾರದು. ಆದರೆ ಈಗಾಗಲೇ ನಿಂತಿರುವುದನ್ನು ಕಡಿದಾಗ ಹಲಗೆಯಾಗಿಸಿ, ತೆರವಾದ ಜಾಗಕ್ಕೆ ಹಲಸು, ಅತ್ತಿ, ಹೊನ್ನೆಯನ್ನು ನೆಡಬಹುದು. ಕಳಚಿದ ತೊಟ್ಟಿಮನೆಯ ತೊಲೆ, ಬಿರುಗಾಳಿಗೆ ಬಿದ್ದ ಮಾವು ಇವೂ ಇವೆ.

ಮೇಜಿನ ಮೈ ಒಂದಂಗುಲ ದಪ್ಪದ ಹಲಗೆಗಳದ್ದಾಗಿರಲಿ. ಉಕ್ಕಿನ ಚೌಕಟ್ಟು ಇಪ್ಪತ್ತು, ಇಪ್ಪತ್ತೈದು ಕಿಲೋಗೆ ಮೀರದಿರಲಿ. ಸಾಧ್ಯವಾದಲ್ಲಿ ಗುಜರಿಯ ಪಟ್ಟಿ, ಕೊಳವೆಗಳಿಂದಾಗಲಿ. ಕಾಲುಗಳ ಬಾಗನ್ನು ಊರಿನ ಕಮ್ಮಾರನೇ ಬಾಗಿಸಲಿ. ಶಿಲ್ಪವಿರಬೇಕಾದುದು ಆ ಬಾಗಿನಲ್ಲಿ, ಹಲಗೆಗಳ ಕೂಡಿಕೆಯಲ್ಲಿ. ಮರವನ್ನು ಉಕ್ಕಿಗೆ ಬೋಲ್ಟಿನಿಂದ ಬಿಗಿಯುವ ರಂಧ್ರಗಳು ದುಂಡಗಿರದೆ ಉದ್ದಕ್ಕಿರಲಿ. ಆಗ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಮರಕ್ಕೆ ಸರಿದಾಡಲು ಜಾಗವಿರುತ್ತದೆ. ಹೊಳಪಿಗೆ ಅಗಸೆ ಎಣ್ಣೆ, ಜೇನುಮೇಣ ಸಾಕು. ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸುವಂತಿರಲಿ. ಮೊಮ್ಮಕ್ಕಳ ಕಾಲದಲ್ಲಿ ಬೋಲ್ಟು ಬಿಚ್ಚಿದರೆ ಮರ ಮರವಾಗಿಯೂ ಉಕ್ಕು ಉಕ್ಕಾಗಿಯೂ ಬೇರೆಯಾಗಬೇಕು.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲೆ ಪುಸ್ತಕವಿರಬೇಕು. ಊರಿನ 8 ಅಡಿಗೂ ಮೀರಿದ ಸುತ್ತಳತೆಯ ಮರಗಳನ್ನೆಲ್ಲ ಹಗ್ಗ ಹಿಡಿದು ಅಳೆದು, ಜಾತಿ, ಜಾಗ, ಅದರಲ್ಲಿ ವಾಸಿಸುವ ಹಕ್ಕಿ, ಜೇನುಗಳೊಂದಿಗೆ ಆ ಪುಸ್ತಕಕ್ಕೆ ಸೇರಿಸಬೇಕು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಹಳೆಯ ಮರಗಳಿಗೂ ಕಾನೂನಿನಲ್ಲಿ ಮರ್ಯಾದೆ ದೊರಕೀತೆಂಬುದಕ್ಕೆ ಸಾಕ್ಷಿ. ಲೆಕ್ಕದಲ್ಲಿಲ್ಲದ ಮರ ಕಾಣೆಯಾದರೆ ಕೇಳುವವರಿಲ್ಲ. ಲೆಕ್ಕದಲ್ಲಿದ್ದರೆ ಕೇಳುವವರು ಇಡೀ ಊರಿನವರು.

ಮುಂದಿನ ಸಲ ಯಾರದಾದರೂ ಗೃಹಪ್ರವೇಶದಲ್ಲಿ ಅಂಥ ಮೇಜಿನ ಮುಂದೆ ಕುಳಿತಾಗ ಓದುಗರು ಹೊಗಳಿಕೆಗೆ ಮೊದಲು ಒಂದು ಪ್ರಶ್ನೆ ಕೇಳಲಿ: ‘ಈ ಮರ ಯಾವ ಊರಿನದು?’ ಉತ್ತರ ಬಾರದಿದ್ದರೆ, ಬಡಿಸಿದ ಅನ್ನವನ್ನು ಗೌರವದಿಂದ ಉಂಡು, ಮೇಜನ್ನು ಹೊಗಳದೆ ಏಳಲಿ. ಹೇಮಾವತಿಯ ನೀರು ಕುಡಿದವರು ಅಷ್ಟಾದರೂ ಮಾಡಬೇಕು.